ಅಳಿವೆಯಿಂದ ಅಳಿವೆಗೆ: ಕರಾವಳಿಯ ಸೈಕಲ್ ದಾರಿ

ಗೋಕರ್ಣದಿಂದ ಸುರತ್ಕಲ್‌ವರೆಗೆ ರಾಷ್ಟ್ರೀಯ ಹೆದ್ದಾರಿ 66 ಹಿಡಿದರೆ 200 ಕಿ.ಮೀ.ಗೆ ತುಸು ಹೆಚ್ಚು. ಗಟ್ಟಿ ಕಾಲಿನ ಸೈಕಲ್ ಸವಾರರು ಇದನ್ನು ಎರಡೇ ದಿನದಲ್ಲಿ ಮುಗಿಸುತ್ತಾರೆ. ದಾರಿಯಲ್ಲಿ ಏನು ನೋಡಿದಿರಿ ಎಂದು ಕೇಳಿದರೆ ಹೇಳಲು ಡಿವೈಡರ್, ಟೋಲ್‌ಗೇಟ್ ಮತ್ತು ಲಾರಿಗಳ ಬೆನ್ನು ಬಿಟ್ಟು ಹೆಚ್ಚೇನೂ ಇರುವುದಿಲ್ಲ. ಸಮುದ್ರ ಒಂದೆರಡು ಕಿ.ಮೀ. ದೂರದಲ್ಲೇ ಇದ್ದರೂ ಹೆದ್ದಾರಿಗೆ ಅದು ಕಾಣುವುದು ಅಪರೂಪ.

ಈ ಕರಾವಳಿಯಲ್ಲಿ ಸೈಕಲ್‌ಗೆ ಹೇಳಿಮಾಡಿಸಿದ ದಾರಿ ಬೇರೆಯೇ ಇದೆ. ಸೇತುವೆಗಳು ಬರುವ ಮೊದಲು ಜನ ಊರಿಂದೂರಿಗೆ ಹೋಗುತ್ತಿದ್ದದ್ದು ಹೊಳೆ ಕಡಲು ಸೇರುವ ಅಳಿವೆಗಳಲ್ಲಿ ದೋಣಿ ದಾಟಿಕೊಂಡು. ಆ ಕಡವುಗಳಿಗೆ ಹೋಗುತ್ತಿದ್ದ ರಸ್ತೆಗಳು ಈಗಲೂ ಇವೆ: ಕಿರಿದು, ಡಾಂಬರು ಕಂಡವು, ಎರಡೂ ಬದಿ ತೆಂಗು, ಇಕ್ಕೆಲದಲ್ಲಿ ಮನೆ. ವಾಹನ ವಿರಳ. ಹೆದ್ದಾರಿಯನ್ನು ಅನಿವಾರ್ಯವಾದಲ್ಲಿ ಮಾತ್ರ ಮುಟ್ಟಿ, ಉಳಿದಂತೆ ಒಂದು ಅಳಿವೆಯಿಂದ ಇನ್ನೊಂದು ಅಳಿವೆಗೆ ಎಂಬ ಲೆಕ್ಕದಲ್ಲಿ ಹೊರಟರೆ ಆರು ದಿನದ ಚೆಂದದ ಸವಾರಿಯಾಗುತ್ತದೆ. ದಿನಕ್ಕೆ 40ರಿಂದ 70 ಕಿ.ಮೀ. ತುಳಿಯಬಲ್ಲ ಯಾರಿಗಾದರೂ ಇದು ಸಾಧ್ಯ.

ಯಾವಾಗ, ಯಾವ ದಿಕ್ಕಿಗೆ

ನವೆಂಬರ್ ಮಧ್ಯದಿಂದ ಫೆಬ್ರುವರಿವರೆಗೆ ಒಳ್ಳೆಯ ಕಾಲ. ಮಾರ್ಚ್ ಬಂತೆಂದರೆ ಬಿಸಿಲಿಗಿಂತ ಸೆಕೆಯೇ ಸುಸ್ತು ಮಾಡುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ದಾರಿ ಬೇಡವೇ ಬೇಡ. ದೋಣಿಗಳ ಭರವಸೆ ಇರುವುದಿಲ್ಲ, ಗುಡ್ಡ ಕುಸಿಯುವ ಭಯವೂ ಇದೆ. 2024ರ ಜುಲೈನಲ್ಲಿ ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಮೇಲೆಯೇ ಗುಡ್ಡ ಜಾರಿದ್ದನ್ನು ಯಾರೂ ಮರೆತಿಲ್ಲ.

ಉತ್ತರದಿಂದ ದಕ್ಷಿಣಕ್ಕೆ ಹೋಗಿ. ಮಳೆಯಿಲ್ಲದ ತಿಂಗಳುಗಳಲ್ಲಿ ಬೆಳಿಗ್ಗೆ ಗಾಳಿ ಸಪ್ಪೆ. ಹನ್ನೊಂದರ ಹೊತ್ತಿಗೆ ಕಡಲಗಾಳಿ ಏಳುತ್ತದೆ, ಮಧ್ಯಾಹ್ನ ಅದು ಸಾಮಾನ್ಯವಾಗಿ ವಾಯುವ್ಯದಿಂದ ಬೀಸುತ್ತದೆ. ದಕ್ಷಿಣಕ್ಕೆ ಹೋಗುವವರಿಗೆ ಅದು ಬೆನ್ನ ಹಿಂದಿನಿಂದ ಸಿಗುವ ನೆರವು, ಎದುರು ಬರುವವರಿಗೆ ಕಾಲು ಎಳೆಯುವ ಕಷ್ಟ. ಇದರಲ್ಲಿ ಒಂದು ಕೊರತೆಯೂ ಇದೆ. ನಾವು ರಸ್ತೆಯ ಎಡಗಡೆ ಹೋಗುವವರಾದ್ದರಿಂದ ದಕ್ಷಿಣಮುಖವಾಗಿ ಹೊರಟಾಗ ಸಮುದ್ರ ರಸ್ತೆಯ ಆಚೆ ಬದಿಗೆ ಉಳಿಯುತ್ತದೆ. ಒಳರಸ್ತೆಗಳಲ್ಲಿ ಇದು ಲೆಕ್ಕಕ್ಕೇ ಬರುವುದಿಲ್ಲ.

ಬೆಳಕು ಹರಿಯುತ್ತಲೇ ಹೊರಟು ಹನ್ನೊಂದರೊಳಗೆ ದಿನದ ಮುಕ್ಕಾಲು ಪಾಲು ಮುಗಿಸುವುದು, ಊಟದ ನಂತರ ನೆರಳಲ್ಲಿ ಕೂತು ನಾಲ್ಕರ ಮೇಲೆ ಉಳಿದದ್ದನ್ನು ತುಳಿಯುವುದು ಇಲ್ಲಿನ ಹವೆಗೆ ಹೊಂದುವ ಕ್ರಮ.

ಮೊದಲ ದಿನ: ಗೋಕರ್ಣ–ಹೊನ್ನಾವರ, ಸುಮಾರು 45 ಕಿ.ಮೀ.

ಗೋಕರ್ಣದಿಂದ ತದಡಿಯ ಕಡೆ ಹೊರಟರೆ ಸಾಣಿಕಟ್ಟಾದ ಉಪ್ಪಿನ ಆಗರಗಳು ಸಿಗುತ್ತವೆ. ಮಣ್ಣಿನ ಒಡ್ಡುಗಳಿಂದ ಚೌಕ ಚೌಕವಾಗಿ ಕಟ್ಟಿದ ಮಡಿಗಳಿಗೆ ಭರತದ ನೀರು ಬಿಟ್ಟು, ಬಿಸಿಲಿಗೆ ಆರಿಸಿ, ಹರಳುಗಟ್ಟಿದ ಉಪ್ಪನ್ನು ಒಡ್ಡಿನ ಮೇಲೆ ಎಳೆದು ರಾಶಿ ಹಾಕುತ್ತಾರೆ. ರಾಶಿ ನೋಡಬೇಕೆಂದರೆ ಜನವರಿಯ ನಂತರ ಬನ್ನಿ. ಅದಕ್ಕೂ ಮುಂಚೆ ಬಂದರೆ ನೀರು ತುಂಬಿದ ಮಡಿ, ಅದರಲ್ಲಿ ನಿಂತ ಕೊಕ್ಕರೆ.

ತದಡಿ ಮೀನುಗಾರಿಕೆ ಬಂದರು. ಇಲ್ಲಿಂದ ಅಘನಾಶಿನಿ ನದಿ ದಾಟಿ ಅದೇ ಹೆಸರಿನ ಊರಿಗೆ ಹೋಗುವ ದೋಣಿಯಲ್ಲಿ ಜನರ ಜತೆ ದ್ವಿಚಕ್ರ ವಾಹನಗಳೂ ಹೋಗುತ್ತವೆ. ಸೈಕಲ್ ಹತ್ತಿಸುವ ಮೊದಲು ಹಿಂದಿನ ಚೀಲಗಳನ್ನು ಕಳಚಿಕೊಳ್ಳಿ. ಇಳಿತದ ಹೊತ್ತಿನಲ್ಲಿ ದೋಣಿ ಧಕ್ಕೆಗಿಂತ ಕೆಳಗಿರುತ್ತದೆ, ಭಾರದ ಸೈಕಲ್ ಹಲಗೆಯ ಮೇಲೆ ಜಾರುತ್ತದೆ. ಒಳಗೆ ನಿಂತ ಮೇಲೆ ಎರಡೂ ಬ್ರೇಕ್ ಹಿಡಿದು, ಚೈನಿನ ಬದಿ ಹೊರಗೆ ಬರುವಂತೆ ನಿಲ್ಲಿಸಿಕೊಂಡರೆ ಪಕ್ಕದವರ ಬಟ್ಟೆಗೆ ಗ್ರೀಸ್ ಹತ್ತುವುದಿಲ್ಲ. ದಾಟುವುದಕ್ಕೆ ಹತ್ತು ಹದಿನೈದು ನಿಮಿಷ. ದೋಣಿ ತಪ್ಪಿದರೆ ಮಾದನಗೇರಿ, ಮಿರ್ಜಾನ್ ಮೇಲೆ ಹೆದ್ದಾರಿಯಲ್ಲಿ ಕುಮಟಾಕ್ಕೆ 30 ಕಿ.ಮೀ.ಗೂ ಹೆಚ್ಚು ಸುತ್ತು. ಆ ಸುತ್ತಿನಲ್ಲಿ ಮಿರ್ಜಾನ್ ಕೋಟೆ ಸಿಗುತ್ತದೆ ಎಂಬುದೊಂದು ಸಮಾಧಾನ.

ಅಘನಾಶಿನಿಗೆ ಅಣೆಕಟ್ಟಿಲ್ಲ. ಅದರ ಅಳಿವೆ ಪ್ರದೇಶ 2024ರಲ್ಲಿ ರಾಮ್ಸಾರ್ ಪಟ್ಟಿ ಸೇರಿತು. ಇಳಿತದಲ್ಲಿ ನೀರು ಸರಿದಾಗ ಸೊಂಟಮಟ್ಟದ ನೀರಿನಲ್ಲಿ ನಿಂತು ಬಳಚು ಹೆಕ್ಕುವ ಹೆಂಗಸರು, ಗಂಡಸರು ಕಾಣುತ್ತಾರೆ. ಬದಿಯ ಗಜನಿ ಗದ್ದೆಗಳಲ್ಲಿ ಉಪ್ಪುನೀರು ತಾಳುವ ಕಗ್ಗ ಭತ್ತ ಬೆಳೆಯುತ್ತದೆ. ದೋಣಿ ಇಳಿದ ಮೇಲೆ ಕಾಗಾಲ, ಬಾಡದ ಮೂಲಕ ಕುಮಟಾದವರೆಗೆ ಹಳ್ಳಿ ರಸ್ತೆ. ನಡುನಡುವೆ ಸಣ್ಣ ಏರು ಇದೆ, ಹೆದರುವಂಥದ್ದೇನಲ್ಲ. ಕುಮಟಾದಿಂದ ಧಾರೇಶ್ವರ, ಹಳದೀಪುರ ದಾಟಿ ಹೊನ್ನಾವರಕ್ಕೆ 20 ಕಿ.ಮೀ. ಹೆದ್ದಾರಿಯೇ ಗತಿ.

ಎರಡನೇ ದಿನ: ಹೊಳೆಬದಿಯ ಕಾಡು

ಕರಾವಳಿ ಎಂದರೆ ಮರಳು ಮಾತ್ರವಲ್ಲ ಎಂಬುದು ಹೊನ್ನಾವರದಿಂದ ಪೂರ್ವಕ್ಕೆ ತಿರುಗಿದಾಗ ತಿಳಿಯುತ್ತದೆ. ಶರಾವತಿಯ ಪಕ್ಕದಲ್ಲೇ ಗೇರುಸೊಪ್ಪಕ್ಕೆ ಸುಮಾರು 30 ಕಿ.ಮೀ. ರಸ್ತೆ ಬಹುಪಾಲು ಸಮತಟ್ಟು. ಮೊದಲು ತೆಂಗು, ಆಮೇಲೆ ಅಡಕೆ ತೋಟ, ಅಲ್ಲಿಂದ ಮುಂದೆ ಎರಡೂ ಕಡೆ ಘಟ್ಟ ಹತ್ತಿರವಾಗುತ್ತಾ ಬರುತ್ತದೆ. ಪೋರ್ಚುಗೀಸರು ಕಾಳುಮೆಣಸಿನ ರಾಣಿ ಎಂದು ಕರೆದ ಚೆನ್ನಭೈರಾದೇವಿ 16ನೇ ಶತಮಾನದಲ್ಲಿ ಆಳಿದ ಊರು ಗೇರುಸೊಪ್ಪ. ನಗರಬಸ್ತಿಕೇರಿಯ ಕಾಡಿನ ನಡುವೆ ನಾಲ್ಕೂ ದಿಕ್ಕಿಗೆ ಬಾಗಿಲಿರುವ ಚತುರ್ಮುಖ ಬಸದಿ ಉಳಿದಿದೆ. ಬಸದಿ ಹೊಳೆಯ ಆಚೆ ದಡದಲ್ಲಿದೆ, ಹೋಗುವ ದಾರಿಯನ್ನು ಊರವರಲ್ಲಿ ಕೇಳಿ ಖಾತ್ರಿ ಮಾಡಿಕೊಳ್ಳಿ.

ಗೇರುಸೊಪ್ಪದಿಂದ ಮುಂದೆ ಘಟ್ಟ ಶುರು. ಸಾಮಾನು ಹೇರಿದ ಸೈಕಲ್‌ನಲ್ಲಿ ಜೋಗದ ಕಡೆ ಹತ್ತುವ ಉಮೇದು ಬೇಡ, ಇಲ್ಲಿಂದಲೇ ಹಿಂದಿರುಗಿ. ಚೀಲಗಳನ್ನು ಹೊನ್ನಾವರದ ವಸತಿಯಲ್ಲೇ ಬಿಟ್ಟು ಹೋದರೆ 60 ಕಿ.ಮೀ. ಹಗುರವಾಗಿ ಮುಗಿಯುತ್ತದೆ. ಇದು ಸಿಂಗಳೀಕಗಳ ಸೀಮೆ. ರಸ್ತೆಬದಿ ನಿಂತು ತಿಂಡಿ ಬಿಚ್ಚಬೇಡಿ, ಕತ್ತಲಾಗುವ ಮೊದಲೇ ಕಾಡು ಬಿಡಿ.

ಮೂರನೇ ದಿನ: ಹೊನ್ನಾವರ–ಮುರ್ಡೇಶ್ವರ, 30–40 ಕಿ.ಮೀ.

ಶರಾವತಿ ಸೇತುವೆಯನ್ನು ಬೆಳಿಗ್ಗೆಯೇ ದಾಟಿಬಿಡಿ, ಹೊತ್ತೇರಿದಂತೆ ಅಡ್ಡಗಾಳಿ ಜೋರು. ಆಚೆ ದಡದ ಕಾಸರಕೋಡಿನಲ್ಲಿ ಕಾಂಡ್ಲವನದ ನಡುವೆ ಅರಣ್ಯ ಇಲಾಖೆ ಮಾಡಿದ ಮರದ ಕಾಲುದಾರಿ ಇದೆ. ಇಳಿತದ ಹೊತ್ತಿಗೆ ಹೋದರೆ ಕೆಸರಿನಿಂದ ಮೇಲೆದ್ದ ಉಸಿರುಬೇರು, ಅವುಗಳ ನಡುವೆ ಓಡಾಡುವ ಕೆಂಪು ಏಡಿ ಚೆನ್ನಾಗಿ ಕಾಣುತ್ತವೆ. ಕಾಸರಕೋಡು ಕಡಲತೀರಕ್ಕೆ 2020ರಲ್ಲಿ ಬ್ಲೂ ಫ್ಲ್ಯಾಗ್ ಮನ್ನಣೆ ಸಿಕ್ಕಿತು. ಸ್ನಾನಕ್ಕೆ, ಬಟ್ಟೆ ಬದಲಿಸಲು ಸೌಕರ್ಯ ಇರುವುದರಿಂದ ಸೈಕಲ್ ಪ್ರಯಾಣಿಕರಿಗೆ ಅನುಕೂಲದ ತಾಣ.

ಅಲ್ಲಿಂದ ಹತ್ತಿರದಲ್ಲೇ ಅಪ್ಸರಕೊಂಡ. ಕೊನೆಯ ಏರು ಕಡಿದು, ಇಳಿದು ತಳ್ಳಿದರೂ ನಾಚಿಕೆಯಿಲ್ಲ. ಮೇಲಿನಿಂದ ಕಡಲು, ಕೆಳಗೆ ಮರಗಳ ನಡುವೆ ಪುಟ್ಟ ಜಲಪಾತ. ಡಿಸೆಂಬರ್ ಕಳೆದ ಮೇಲೆ ನೀರು ಸಣ್ಣಗಾಗುತ್ತದೆ. ಮುಂದೆ ಗುಣವಂತೆ. ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಕಟ್ಟಿದ ಇಡಗುಂಜಿ ಯಕ್ಷಗಾನ ಮೇಳದ ನೆಲೆ ಇದು. ಚಳಿಗಾಲ ಯಕ್ಷಗಾನದ ಕಾಲವೂ ಹೌದು. ಉಳಿದುಕೊಂಡ ಊರಿನಲ್ಲೇ ಆಟ ಇದ್ದರೆ ನೋಡಿ, ಆಟಕ್ಕೆಂದು ರಾತ್ರಿ ಸೈಕಲ್ ಹತ್ತಬೇಡಿ. ಸಂಜೆಯೊಳಗೆ ಮುರ್ಡೇಶ್ವರ. ಇಲ್ಲಿ ವಸತಿಗೆ ಕೊರತೆಯಿಲ್ಲ, ಶನಿವಾರ ಭಾನುವಾರ ಮಾತ್ರ ಮೊದಲೇ ಗೊತ್ತು ಮಾಡಿಕೊಳ್ಳಿ.

ನಾಲ್ಕನೇ ದಿನ: ಮುರ್ಡೇಶ್ವರ–ಕುಂದಾಪುರ, 65–70 ಕಿ.ಮೀ.

ಇಡೀ ಪ್ರಯಾಣದಲ್ಲಿ ಹೆದ್ದಾರಿ ಹೆಚ್ಚು, ದೂರವೂ ಹೆಚ್ಚು ಇರುವ ದಿನ ಇದೇ. ಆರಕ್ಕೇ ಹೊರಡಿ. ಭಟ್ಕಳದಲ್ಲಿ ತಿಂಡಿ, ಶಿರೂರು (ಅಂಕೋಲಾದ್ದಲ್ಲ, ಅದೇ ಹೆಸರಿನ ಇನ್ನೊಂದು ಊರು) ದಾಟಿ ಬೈಂದೂರು. ಬೈಂದೂರಿಗೆ ಮೊದಲು ಸಿಗುವ ಒತ್ತಿನೆಣೆ ಗುಡ್ಡ ಈ ದಾರಿಯ ದೊಡ್ಡ ಏರು. ಬೆಳಗಿನ ತಂಪಿನಲ್ಲಿ ಹತ್ತಿದರೆ ಏನೂ ಅನಿಸುವುದಿಲ್ಲ, ಮಧ್ಯಾಹ್ನವಾದರೆ ಬೆವರು ಬಸಿಯುತ್ತದೆ. ಗುಡ್ಡದ ಅಂಚಿನಿಂದ ಸೋಮೇಶ್ವರ ತೀರ ಕಾಣುತ್ತದೆ.

ಮರವಂತೆಯಲ್ಲಿ ಹೆದ್ದಾರಿಯೇ ಸಮುದ್ರದ ಮಗ್ಗುಲಿಗೆ ಬರುತ್ತದೆ. ಬಲಕ್ಕೆ ಅರಬ್ಬಿ ಸಮುದ್ರ, ಎಡಕ್ಕೆ ಸೌಪರ್ಣಿಕಾ, ಅದರಾಚೆ ಕೊಡಚಾದ್ರಿಯ ಸಾಲು. ದಕ್ಷಿಣಕ್ಕೆ ಹೋಗುವವರು ಹೊಳೆಯ ಬದಿಯಲ್ಲಿರುತ್ತಾರೆ. ಕಡಲ ಕಡೆ ಹೋಗಬೇಕೆಂದರೆ ಡಿವೈಡರ್ ಮೇಲೆ ಸೈಕಲ್ ಎತ್ತಿ ದಾಟುವ ಸಾಹಸ ಮಾಡದೆ, ತೆರವು ಇರುವಲ್ಲೇ ಇಳಿದು ದಾಟಿ. ಇಲ್ಲಿನ ಕಡಲು ಒರಟು, ತೀರದಲ್ಲೇ ಆಳ. ನೋಡುವುದಕ್ಕೆ ಚೆಂದ, ಇಳಿಯುವುದಕ್ಕಲ್ಲ. ತ್ರಾಸಿ, ಹೆಮ್ಮಾಡಿ, ತಲ್ಲೂರು ದಾಟಿ ಸಾಲು ಸೇತುವೆಗಳ ಮೇಲೆ ಕುಂದಾಪುರ ಸೇರಬಹುದು. ಕೆಳಗೆ ಹರಿಯುವುದು ಐದು ಹೊಳೆಗಳು ಕೂಡಿದ ಪಂಚಗಂಗಾವಳಿಯ ನೀರು.

ಕಾಡು ಇನ್ನೂ ಬೇಕೆನ್ನುವವರು ಬೈಂದೂರಿನಿಂದ ಕೊಲ್ಲೂರಿಗೆ ತಿರುಗಬಹುದು. ಸುಮಾರು 28 ಕಿ.ಮೀ., ಮೂಕಾಂಬಿಕಾ ಅಭಯಾರಣ್ಯದ ನಡುವಿನ ದಾರಿ. ಕೊಲ್ಲೂರಿನಲ್ಲಿ ಉಳಿದು ಮರುದಿನ ಸುಮಾರು 40 ಕಿ.ಮೀ. ಇಳಿದರೆ ಕುಂದಾಪುರ. ಆದರೆ ಮರವಂತೆ ತಪ್ಪುತ್ತದೆ, ಒಂದು ದಿನವೂ ಹೆಚ್ಚಾಗುತ್ತದೆ.

ಐದನೇ ದಿನ: ಕುಂದಾಪುರ–ಮಲ್ಪೆ, ಸುಮಾರು 45 ಕಿ.ಮೀ.

ಇಲ್ಲಿಂದ ದಾರಿಯ ಗುಣವೇ ಬದಲಾಗುತ್ತದೆ. ಕುಂದಾಪುರದ ಕೋಡಿಯಿಂದ ಬೀಜಾಡಿ, ಗೋಪಾಡಿ ಕಡೆಗೆ ತೀರದ ರಸ್ತೆಗಳಿವೆ. ಸ್ವಲ್ಪ ಹೆದ್ದಾರಿ ತುಳಿದರೆ ಕೋಟ. ಶಿವರಾಮ ಕಾರಂತರು 1902ರಲ್ಲಿ ಹುಟ್ಟಿದ ಊರು, ಅವರ ಹೆಸರಿನ ಥೀಮ್ ಪಾರ್ಕ್ ಕೋಟತಟ್ಟಿನಲ್ಲಿದೆ. ‘ಮರಳಿ ಮಣ್ಣಿಗೆ’ಯ ಜನ ಬದುಕಿದ್ದು ಕಡಲು–ಹೊಳೆಗಳ ನಡುವಿನ ಇಂಥದೇ ನೆಲದಲ್ಲಿ. ಓದಿದವರಿಗೆ ಮುಂದಿನ ಹತ್ತಿಪ್ಪತ್ತು ಕಿ.ಮೀ. ಪರಿಚಯದ ಊರಿನಂತೆ ಕಾಣುತ್ತದೆ.

ಸಾಸ್ತಾನದಲ್ಲಿ ಹೆದ್ದಾರಿ ಬಿಟ್ಟು ಪಶ್ಚಿಮಕ್ಕೆ ತಿರುಗಿ ಹಂಗಾರಕಟ್ಟೆಗೆ ಹೋಗಿ. ಎದುರು ದಡದ ಕೋಡಿಬೆಂಗ್ರೆಗೆ ನೀರಿನ ಮೇಲೆ ದಾಟುವ ವ್ಯವಸ್ಥೆ ಇಲ್ಲಿದೆ. ವೇಳೆ ಆಗಾಗ ಬದಲಾಗುವುದರಿಂದ ಹಿಂದಿನ ದಿನವೇ ವಿಚಾರಿಸಿಕೊಳ್ಳಿ. ಸೀತಾ ಮತ್ತು ಸ್ವರ್ಣಾ ನದಿಗಳು ಕಡಲು ಸೇರುವ ಜಾಗ ಇದು. ಕೋಡಿಬೆಂಗ್ರೆಯಿಂದ ಹೂಡೆಯವರೆಗೆ ಒಂದು ಕಡೆ ಹೊಳೆ, ಇನ್ನೊಂದು ಕಡೆ ಕಡಲು, ನಡುವೆ ಒಂದೇ ರಸ್ತೆ. ಮನೆಯಂಗಳದಲ್ಲಿ ಒಣಮೀನು ಹರವಿರುತ್ತಾರೆ, ಮರದ ನೆರಳಿನಲ್ಲಿ ಬಲೆ ಹೆಣೆಯುತ್ತಿರುತ್ತಾರೆ. ರಸ್ತೆ ಕಿರಿದು, ಮಕ್ಕಳು ಆಡುತ್ತಿರುತ್ತಾರೆ, ಬೆಲ್ ಬಾರಿಸಿ ನಿಧಾನ ಹೋಗಿ. ದಾಟುವ ವ್ಯವಸ್ಥೆ ಇಲ್ಲದ ದಿನ ಬ್ರಹ್ಮಾವರದ ಮೇಲೆ ಹೆದ್ದಾರಿಯಲ್ಲಿ ಬಂದು ಕೆಮ್ಮಣ್ಣಿನ ಕಡೆಯಿಂದ ಹೂಡೆಗೆ ಹೋಗಬಹುದು. ರಾತ್ರಿ ಮಲ್ಪೆ, ಇಲ್ಲವೇ ಅಲ್ಲಿಂದ 6 ಕಿ.ಮೀ. ದೂರದ ಉಡುಪಿ.

ಆರನೇ ದಿನ: ಮಲ್ಪೆ–ಸುರತ್ಕಲ್, 50–55 ಕಿ.ಮೀ.

ಮಲ್ಪೆ ಬಂದರಿನ ಹತ್ತಿರ ಸೇತುವೆ ದಾಟಿ ಪಡುಕರೆಗೆ ಹೋದರೆ ಮಟ್ಟುವಿನವರೆಗೆ ಕಡಲ ತಡಿಯಲ್ಲೇ ರಸ್ತೆ. ಈ ಪ್ರಯಾಣದ ಅತ್ಯುತ್ತಮ ಹತ್ತು ಕಿ.ಮೀ. ಯಾವುದು ಎಂದರೆ ಇದನ್ನೇ ತೋರಿಸಬೇಕು. ಬಲಗಡೆ ಅಲೆ ತಡೆಯಲು ಹಾಕಿದ ಕಲ್ಲಿನ ರಾಶಿ, ಎಡಗಡೆ ಹಿನ್ನೀರು, ದೋಣಿಗಳು. ಕಲ್ಲುಗಳ ನಡುವಿನಿಂದ ಹಾರಿದ ನೀರು ಒಮ್ಮೊಮ್ಮೆ ರಸ್ತೆಗೂ ಬೀಳುತ್ತದೆ. ತಿರುವುಗಳಲ್ಲಿ ಮರಳು ಕೂತಿರುತ್ತದೆ, ಅಲ್ಲಿ ಮುಂದಿನ ಬ್ರೇಕ್ ಒತ್ತಿದರೆ ಬೀಳುವುದು ಖಂಡಿತ.

ಮಟ್ಟು ಎಂದರೆ ಗುಳ್ಳ. ತಿಳಿಹಸಿರು ಬಣ್ಣದ ಈ ದುಂಡು ಬದನೆಗೆ 2011ರಲ್ಲಿ ಭೌಗೋಳಿಕ ಸೂಚಿಕೆ ಸಿಕ್ಕಿದೆ. ಚಳಿಗಾಲದಲ್ಲಿ ಹೋದರೆ ರಸ್ತೆಬದಿಯ ಗದ್ದೆಯಲ್ಲೇ ಕೊಯ್ಲು ನೋಡಬಹುದು. ಕಾಪುವಿನಲ್ಲಿ ಬಂಡೆಯ ಮೇಲೆ 1901ರ ದೀಪಸ್ತಂಭ. ಒಳಗೆ ಹತ್ತಲು ಬಿಡುವುದು ಸಾಮಾನ್ಯವಾಗಿ ಸಂಜೆಯ ಹೊತ್ತು, ಬೆಳಿಗ್ಗೆ ತಲುಪುವವರು ಹೊರಗಿನಿಂದ ನೋಡಿ ಮುಂದುವರಿಯಬೇಕು. ಪಡುಬಿದ್ರಿಯಲ್ಲಿ ಮತ್ತೊಂದು ಬ್ಲೂ ಫ್ಲ್ಯಾಗ್ ತೀರ. ಮೂಲ್ಕಿಯಲ್ಲಿ ಶಾಂಭವಿ ದಾಟಿ, ಹಳೆಯಂಗಡಿಯಲ್ಲಿ ಬಲಕ್ಕೆ ತಿರುಗಿದರೆ ಸಸಿಹಿತ್ಲು. ಶಾಂಭವಿ, ನಂದಿನಿ ಎರಡೂ ಇಲ್ಲೇ ಕಡಲು ಸೇರುತ್ತವೆ.

ಸುರತ್ಕಲ್‌ನಲ್ಲಿ ನಿಲ್ಲಿಸಿ. ಅಲ್ಲಿಂದ ಮಂಗಳೂರಿಗೆ ಇನ್ನೂ ಸುಮಾರು 15 ಕಿ.ಮೀ. ಇದ್ದರೂ ಬಂದರು, ಕಾರ್ಖಾನೆಗಳ ಭಾರಿ ಲಾರಿಗಳ ನಡುವೆ ತುಳಿಯುವುದರಲ್ಲಿ ಸುಖವಿಲ್ಲ. ಹೋಗಲೇಬೇಕಾದವರು ಮರುದಿನ ನಸುಕಿನಲ್ಲಿ ಹೋಗಿ.

ಸೈಕಲ್ ಹೇಗಿರಬೇಕು

ದುಬಾರಿ ಸೈಕಲ್ ಬೇಡ. ಗೇರ್ ಇರುವ ಹೈಬ್ರಿಡ್ ಸಾಕು, ಹಿಂದೆ ಗಟ್ಟಿ ಕ್ಯಾರಿಯರ್ ಕೂರುವಂತಿರಬೇಕು. ಟೈರ್ 32ರಿಂದ 40 ಮಿ.ಮೀ. ಅಗಲ ಇರಲಿ. ರೇಸಿಂಗ್ ಸೈಕಲ್‌ನ ಸಪೂರ ಟೈರ್ ಮರಳಿಗೂ ಮುರಕಲ್ಲಿನ ಜಲ್ಲಿಗೂ ಆಗುವುದಿಲ್ಲ. ಬೆನ್ನಿಗೆ ಚೀಲ ಕಟ್ಟಿಕೊಂಡರೆ ಕರಾವಳಿಯ ಸೆಕೆಗೆ ಎರಡನೇ ದಿನವೇ ಬೆನ್ನು ಕೆಂಪಾಗುತ್ತದೆ, ಭಾರವೆಲ್ಲ ಕ್ಯಾರಿಯರ್ ಮೇಲಿರಲಿ.

ಗೇರ್ ಸೈಕಲ್ ಬಲ್ಲ ಅಂಗಡಿಗಳು ಸಿಗುವುದು ಉಡುಪಿ, ಮಣಿಪಾಲ, ಮಂಗಳೂರಿನಂಥ ಕಡೆ. ಉಳಿದ ಊರುಗಳಲ್ಲಿ ಪಂಕ್ಚರ್ ಹಾಕುವವರು ಸಿಕ್ಕಾರು, ಬಿಡಿಭಾಗ ಸಿಗದು. ಹಾಗಾಗಿ ಎರಡು ಟ್ಯೂಬ್, ಪ್ಯಾಚ್, ಟೈರ್ ಬಿಚ್ಚುವ ಲಿವರ್, ಪಂಪ್, ಚೈನಿನ ಜೋಡುಕೊಂಡಿ, ಬ್ರೇಕ್ ಪ್ಯಾಡ್, ಅಲೆನ್ ಕೀಗಳು ಜತೆಗಿರಲೇಬೇಕು. ನಿಮ್ಮದು ಸಪೂರ ಪ್ರೆಸ್ಟಾ ವಾಲ್ವ್ ಆದರೆ ಸ್ಕೂಟರ್‌ಗೆ ಗಾಳಿ ಹಾಕುವ ಪೈಪ್ ಅದಕ್ಕೆ ಕೂರುವುದಿಲ್ಲ. ಅಡಾಪ್ಟರ್ ಒಂದನ್ನು ಜೇಬಿನಲ್ಲಿಟ್ಟುಕೊಳ್ಳಿ.

ಉಪ್ಪುಗಾಳಿ ಚೈನ್ ತಿನ್ನುತ್ತದೆ. ಪ್ರತಿ ಸಂಜೆ ಒಂದು ಬಕೆಟ್ ಸಿಹಿನೀರಿನಲ್ಲಿ ಚೈನ್, ರಿಮ್ ತೊಳೆದು, ಹಳೆ ಬಟ್ಟೆಯಲ್ಲಿ ಒರೆಸಿ, ಒಣಗಿದ ಮೇಲೆ ಎಣ್ಣೆ ಬಿಡಿ. ಇಳಿತದಲ್ಲಿ ಗಟ್ಟಿಯಾದ ಮರಳಿನ ಮೇಲೆ ಸೈಕಲ್ ಹೊಡೆಯುವ ಆಸೆ ಎಲ್ಲರಿಗೂ ಹುಟ್ಟುತ್ತದೆ. ಹೊಡೆಯುವುದಾದರೆ ಅದೇ ದಿನ ತೊಳೆಯುವುದನ್ನು ತಪ್ಪಿಸಬೇಡಿ.

ಊಟ, ನೀರು

ಗಂಟೆಗೆ ಮುಕ್ಕಾಲು ಲೀಟರಿನಷ್ಟಾದರೂ ನೀರು ಕುಡಿಯಿರಿ. ಬರೀ ನೀರು ಸಾಲದು, ಬೆವರಿನಲ್ಲಿ ಹೋದ ಉಪ್ಪೂ ಮರಳಬೇಕು. ಎಳನೀರು ಎಲ್ಲ ಕಡೆ ಇದೆ. ಉಡುಪಿ ಕಡೆ ಬೊಂಡ ಎಂದು ಕೇಳಿ. ಉಪ್ಪು ಹಾಕಿದ ಮಜ್ಜಿಗೆ, ಪುನರ್ಪುಳಿ ಶರಬತ್ತು ಒಳ್ಳೆಯವು. ಬೆಳಿಗ್ಗೆ ಬನ್ಸ್, ನೀರುದೋಸೆ, ಅವಲಕ್ಕಿ ಹಗುರ. ಮಧ್ಯಾಹ್ನ ಮೀನೂಟದ ಹೋಟೆಲಿನಲ್ಲಿ ಕುಚಲಕ್ಕಿ ಅನ್ನ ತಿಂದ ಮೇಲೆ ಒಂದೂವರೆ ಗಂಟೆಯಾದರೂ ಸೈಕಲ್ ಮುಟ್ಟಬೇಡಿ.

ಬರುವುದು, ಹಿಂದಿರುಗುವುದು

ಬೆಂಗಳೂರು–ಕಾರವಾರ ಪಂಚಗಂಗಾ ಎಕ್ಸ್‌ಪ್ರೆಸ್ ಈ ಕರಾವಳಿಯ ಊರುಗಳನ್ನು ಮುಟ್ಟುತ್ತದೆ. ಸೈಕಲ್ ಅನ್ನು ಲಗೇಜ್ ಕಚೇರಿಯಲ್ಲಿ ಬುಕ್ ಮಾಡಿ ಬ್ರೇಕ್‌ವ್ಯಾನ್‌ಗೆ ಕೊಡಬೇಕು. ಗಾಡಿ ಒಂದೆರಡು ನಿಮಿಷ ನಿಲ್ಲುವ ಸಣ್ಣ ನಿಲ್ದಾಣಗಳಲ್ಲಿ ಇಳಿಸುವುದು ಕಷ್ಟ, ದೊಡ್ಡ ನಿಲ್ದಾಣಕ್ಕೇ ಬುಕ್ ಮಾಡಿ. ಚಕ್ರ ಬಿಚ್ಚಿ ಚೀಲಕ್ಕೆ ಹಾಕಿದರೆ ಬಸ್ಸಿನ ಡಿಕ್ಕಿಯಲ್ಲೂ ಹಿಡಿಯುತ್ತದೆ. ಟಿಕೆಟ್ ಮಾಡುವಾಗಲೇ ಸೈಕಲ್ ಇದೆ ಎಂದು ತಿಳಿಸಿದರೆ ಹೊರಡುವ ಹೊತ್ತಿನ ಜಗಳ ತಪ್ಪುತ್ತದೆ.

ಎಚ್ಚರ

ಬೆಳಗಿನ ಜಾವ ಬಂದರುಗಳಿಂದ ಹೊರಡುವ ಮೀನು ಲಾರಿಗಳಿಂದ ನೀರು ರಸ್ತೆಗೆ ಸೋರುತ್ತದೆ. ಅದು ಜಾರುತ್ತದೆ, ತಿರುವಿನಲ್ಲಿ ಜೋಪಾನ. ಹೆದ್ದಾರಿಯಲ್ಲಿ ಎದುರು ದಿಕ್ಕಿನಿಂದ ನಿಮ್ಮದೇ ಬದಿಯಲ್ಲಿ ಬರುವ ಸ್ಕೂಟರುಗಳನ್ನು ನಿರೀಕ್ಷಿಸಿಯೇ ಹೋಗಿ. ಹೆಲ್ಮೆಟ್, ಹಿಂದೆ ಕೆಂಪು ದೀಪ, ಹೊಳೆಯುವ ಅಂಗಿ ಹಗಲಿಗೂ ಬೇಕು. ಅಳಿವೆಗಳಲ್ಲಿ ಈಜಬೇಡಿ, ಇಳಿತದ ಸೆಳೆತ ಮೇಲೆ ಕಾಣುವುದಿಲ್ಲ. ಕಾಡಿನಲ್ಲಾಗಲಿ ತೀರದಲ್ಲಾಗಲಿ ಅನುಮತಿಯಿಲ್ಲದೆ ಟೆಂಟ್ ಹಾಕಬೇಡಿ. ಒಳರಸ್ತೆಗಳು ಊರವರ ಅಂಗಳದ ಮುಂದೆಯೇ ಹಾದುಹೋಗುತ್ತವೆ. ಅವರ ಫೋಟೊ ತೆಗೆಯುವ ಮುನ್ನ ಕೇಳಿ, ಕಸವನ್ನು ಚೀಲದಲ್ಲೇ ಒಯ್ಯಿರಿ.

ಆರು ದಿನ ರಜೆ ಸಿಗದವರು ಐದನೇ ಮತ್ತು ಆರನೇ ದಿನದ ದಾರಿಯನ್ನಷ್ಟೇ ಆರಿಸಿಕೊಳ್ಳಿ. ಕುಂದಾಪುರದಲ್ಲಿ ರೈಲು ಇಳಿದು ಸುರತ್ಕಲ್‌ನಲ್ಲಿ ರೈಲು ಹತ್ತಬಹುದು, ನಡುವೆ ಸುಮಾರು ನೂರು ಕಿ.ಮೀ. ಏರು ಕಡಿಮೆ, ವಸತಿ ಹೇರಳ, ಸೈಕಲ್ ಕೆಟ್ಟರೆ ರಿಪೇರಿಗೆ ಉಡುಪಿ ಹತ್ತಿರ. ಮೊದಲ ಸಲ ದೂರದ ಸವಾರಿಗೆ ಹೊರಡುವವರಿಗೆ ಕರ್ನಾಟಕದ ಕರಾವಳಿಯಲ್ಲಿ ಇದಕ್ಕಿಂತ ಸುಲಭದ ದಾರಿ ಇಲ್ಲ.